ಎತ್ತಬಾರದ ಫೋನು

ಮೆಟ್ರಿ ಊರಿನ ಜಂಬವ್ವನ ಮನೆಯಲ್ಲಿ ಒಂದು ಫೋನಿತ್ತು, ಆದರೆ ಅದರಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ ಅದು ಎರಡು ಸಲ ಬಡಿದುಕೊಂಡು ಸುಮ್ಮನಾಗುತ್ತಿತ್ತು. ಜಂಬವ್ವ "ಇಳದ" ಎಂದು ತನಗೆ ತಾನೇ ಹೇಳಿಕೊಂಡು ಒಲೆ ಹಚ್ಚುತ್ತಿದ್ದಳು. ಇಳಿದವನು ಅವಳ ತಮ್ಮ ಗಾಳೆಪ್ಪ. ಇಳಿದದ್ದು ಸಂಡೂರಿನ ಗುಡ್ಡಗಳಿಂದ.

ಆಗ ಅದಿರಿನ ಕಾಲ. ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂದು, ಹೊಸಪೇಟೆಯ ರಸ್ತೆಯಲ್ಲಿ ಲಾರಿಯ ಮೂತಿ ಮುಂದಿನ ಲಾರಿಯ ಬಾಲಕ್ಕೆ ತಾಗಿಕೊಂಡಿರುತ್ತಿತ್ತು. ಅಲ್ಲಿನ ಒಂದು ಸರ್ವೆ ಕಂಪನಿ ಗಾಳೆಪ್ಪನನ್ನು ಲಾರಿ ಹತ್ತದ, ದನ ಕೂಡ ಹೋಗದ ಗುಡ್ಡಗಳಿಗೆ ಕಳಿಸುತ್ತಿತ್ತು. ಒಬ್ಬನೇ ಹೋಗಿ, ಅಲ್ಲಲ್ಲಿ ಕಲ್ಲು ಒಡೆದು, ಚೀಲಕ್ಕೆ ತುಂಬಿ, ಸಂಜೆ ಹೊತ್ತು ತರಬೇಕು. ಯಾರ ಜತೆಗೂ ತುಟಿ ಬಿಚ್ಚಬೇಕಾಗಿಲ್ಲದ ಕೆಲಸ. ಅದಕ್ಕೇ ಅವನಿಗೆ ಒಗ್ಗಿತ್ತು.

ಮೊದಲು ಹಾಗಿರಲಿಲ್ಲ. ಹೆಂಡತಿ ಚಂದ್ರಕಲಾ ಇರುವತನಕ ಗಾಳೆಪ್ಪ ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ಅವಳು ಜ್ವರದಲ್ಲಿ ತೀರಿಕೊಂಡ ಮೇಲೆ ಜಂಬವ್ವನಾದರೂ ಸುಮ್ಮನಿರಬಾರದೇ? ತಮ್ಮನ ಫೋನು ಬಂದಾಗಲೆಲ್ಲ ಕಂಪ್ಲಿಯಲ್ಲೊಂದು ಹೆಣ್ಣಿದೆ, ಮಲಪನಗುಡಿಯಲ್ಲೊಂದು ಹೆಣ್ಣಿದೆ ಎಂದು ಶುರು ಹಚ್ಚಿಕೊಳ್ಳುತ್ತಿದ್ದಳು. ಪ್ರೀತಿಯೇನೋ ಪ್ರೀತಿಯೇ, ಆದರೆ ಗಾಯ ಮಾಯಲು ಬಿಡದ ಪ್ರೀತಿ. ಕೊನೆಗೊಂದು ದಿನ ಅವನು ಹೇಳಿಬಿಟ್ಟ.

"ಅಕ್ಕ, ಇನ್ನ ಮ್ಯಾಲೆ ಬರೇ ಮಿಸ್ ಕಾಲ್ ಕೊಡ್ತೀನಿ. ಎರಡು ರಿಂಗ್ ಆತಂದ್ರ ಗುಡ್ಡ ಇಳದೀನಿ, ಆರಾಮ್ ಅದೀನಿ ಅಂತ ತಿಳ್ಕ. ನೀ ಎತ್ತಬ್ಯಾಡ."

"ಎತ್ತಿದ್ರ ಏನಾಗ್ತೈತಿ?"

"ದುಡ್ಡು ಹೋಗ್ತೈತಿ."

ಅದು ದುಡ್ಡಿನ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೆ ಮಿಸ್ ಕಾಲೆಂಬುದು ಆಗ ನಮ್ಮ ಸೀಮೆಯ ಅರ್ಧ ಭಾಷೆಯೇ ಆಗಿತ್ತು, ಬಂದ ಮಿಸ್ ಕಾಲನ್ನು ಎತ್ತಿದವರು ಬೈಸಿಕೊಳ್ಳುತ್ತಿದ್ದರು. ಜಂಬವ್ವ ಎರಡು ವರ್ಷ ಒಮ್ಮೆಯೂ ಎತ್ತಲಿಲ್ಲ. ಗಂಡನಿಲ್ಲ, ಮಕ್ಕಳಿಲ್ಲ. ಗದ್ದೆ ಕೆಲಸ ಮುಗಿಸಿ ಬಂದರೆ ಮನೆಯಲ್ಲಿ ಕೇಳಿಸುತ್ತಿದ್ದ ದನಿಯೆಂದರೆ ಆ ಎರಡು ರಿಂಗು. ಒಮ್ಮೊಮ್ಮೆ ಮೊದಲೇ ಹೋಗಿ ಫೋನಿನ ಮೇಲೆ ಕೈಯಿಟ್ಟು ಕೂತಿರುತ್ತಿದ್ದಳು. ರಿಂಗು ನಿಂತ ಮೇಲೆ ಕೈ ತೆಗೆಯುತ್ತಿದ್ದಳು.

ಆಯುಧ ಪೂಜೆಗೆ ಬಂದಾಗ ಗಾಳೆಪ್ಪ ಕಿತ್ತಳೆ ಬಣ್ಣದ ಒಂದು ಡಬ್ಬಿ ತಂದಿದ್ದ. ಸಾಬೂನಿನ ಪೆಟ್ಟಿಗೆಗಿಂತ ತುಸು ದೊಡ್ಡದು.

"ಕಂಪನಿ ಸಾಹೇಬ ಕೊಟ್ಟಾನ. ಮೊಬೈಲ್ ಸಿಗ್ನಲ್ ಇಲ್ಲದಲ್ಲಿ ಬಿದ್ರ ಈ ಕಡ್ಡಿ ಎತ್ತಿ ಗುಂಡಿ ಒತ್ತಬೇಕಂತ. ಮ್ಯಾಲೆ ಉಪಗ್ರಹಕ್ಕ ಹೋಗಿ, ಅಲ್ಲಿಂದ ಬೆಂಗಳೂರಿಗೆ ಗೊತ್ತಾಗ್ತೈತಂತ."

"ಬೆಂಗಳೂರಿನವ್ರು ಏನ್ ಮಾಡ್ತಾರ?"

"ಹುಡುಕ್ತಾರ."

ಅದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ. ಜಂಬವ್ವ ಕುಡುಗೋಲಿಗೆ ಹಚ್ಚಿದ ಕುಂಕುಮವನ್ನೇ ಆ ಡಬ್ಬಿಗೂ ಹಚ್ಚಿ, ಕಾಯಿ ಒಡೆದು, ಕೈಮುಗಿದು ಕೊಟ್ಟಳು.

ಭತ್ತದ ಕೊಯ್ಲಿನ ದಿನಗಳು. ಒಂದು ಭಾನುವಾರ ಸಂಜೆ ಫೋನು ಎಂದಿನಂತೆ ಎರಡು ಸಲ ಬಡಿದುಕೊಂಡಿತು. "ಇಳದ" ಎಂದಳು. ಆದರೆ ಫೋನು ನಿಲ್ಲಲಿಲ್ಲ. ಬಡಿದುಕೊಂಡು ಬಡಿದುಕೊಂಡು ತಾನಾಗಿಯೇ ಸುಸ್ತಾಗಿ ಸುಮ್ಮನಾಯಿತು. ಯಾರ ನಂಬರೆಂದು ತೋರಿಸುವ ಫೋನು ಅದಲ್ಲ. ಕತ್ತರಿಸಲು ಮರೆತಿರಬೇಕು ಎಂದುಕೊಂಡು ಹಿಟ್ಟು ನಾದಲು ಕೂತಳು. ಮತ್ತೆ ಶುರುವಾಯಿತು, ಮತ್ತೆ ಕೊನೆಯತನಕ ಬಡಿದುಕೊಂಡಿತು. ಜಂಬವ್ವನಿಗೆ ನಗು ಬಂತು. ಅಕ್ಕನ ನೆನಪಾಗಿದೆ ಇವನಿಗೆ, ಬಿಗುಮಾನ ಬಿಟ್ಟು ಹೇಳಲಾರ. ಮೂರನೆಯ ಸಲ ಬಂದಾಗ ಅವಳಿಂದ ತಡೆಯಲಾಗಲಿಲ್ಲ. ಹಾಳಾಗಿ ಹೋಗಲಿ ದುಡ್ಡು ಎಂದು ಹಿಟ್ಟಿನ ಕೈಯಲ್ಲೇ ಎತ್ತಿ, ಒಂದೇ ಉಸಿರಿಗೆ ಹೇಳಿಬಿಟ್ಟಳು.

"ತಮ್ಮ, ಮದುವಿ ಮಾತು ತೆಗಿಯಂಗಿಲ್ಲ ನಾನು. ನೀ ಸುಮ್ನ ಏನರ ಮಾತಾಡು."

ಆ ಕಡೆಯಿಂದ ಬಂದದ್ದು ಪರಿಚಯವಿಲ್ಲದ ಗಂಡು ದನಿ.

"ಅಮ್ಮ, ನಾವು ಬೆಂಗಳೂರಿನ ಕಂಟ್ರೋಲ್ ರೂಮಿಂದ ಮಾತಾಡ್ತಿರೋದು. ಗಾಳೆಪ್ಪ ಅವರ ಮನೆಯವರಾ?"

"ಅವನ ಅಕ್ಕ ರೀ."

"ಅವರ ಹತ್ರ ಇರೋ ಬೀಕನ್ ಡಬ್ಬಿಯಿಂದ ಸಿಗ್ನಲ್ ಬರ್ತಿದೆ. ಎಷ್ಟೋ ಜನ ಗೊತ್ತಿಲ್ಲದೆ ಒತ್ತಿಬಿಡ್ತಾರೆ, ಅದಕ್ಕೆ ಕೇಳ್ತಿದ್ದೀವಿ. ಭಾನುವಾರ ಅಲ್ವಾ, ಅವರ ಆಫೀಸಲ್ಲಿ ಯಾರೂ ಸಿಗ್ತಿಲ್ಲ. ಅವರು ಗುಡ್ಡದಿಂದ ವಾಪಸ್ ಬಂದಿದ್ದಾರಾ?"

"ಬಂದಾನ್ರಿ. ಆರಾಮ್ ಅದಾನ. ಈಗಿನ್ನ ರಿಂಗ್ ಕೊಟ್ನಲ್ಲ, ಎರಡು ಸಲ."

"ಹಾಗಾದ್ರೆ ಸರಿಯಮ್ಮ, ತಪ್ಪಿ ಒತ್ತಿರ್ಬೇಕು ಅಂತ ಬರ್ಕೋತೀವಿ. ನಾವೂ ಎರಡು ಸಲ ಮಾಡಿದ್ವಿ, ನೀವು ಎತ್ತಲಿಲ್ಲ. ಈಗ ಸಿಕ್ಕಿದ್ರಲ್ಲ, ಇಡ್ಲಾ?"

ಜಂಬವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಡಬ್ಯಾಡ್ರಿ. ಇಡಬ್ಯಾಡ್ರಿ ಯಪ್ಪಾ. ಆ ರಿಂಗು ನಿಮ್ದಾ?"

"ಹೌದಮ್ಮ, ನಮ್ದೇ."

"ಹಂಗಾರ ಅವನು ಇಳದಿಲ್ರಿ."

ಆಮೇಲೆ ಅವನು ಒಂದೊಂದಾಗಿ ಕೇಳಿದ. ಯಾವ ಕಡೆಯಿಂದ ಹತ್ತಿದ್ದರು? ಜತೆಗೆ ಯಾರಿದ್ದಾರೆ? ನೀರು, ಊಟ ಇದೆಯಾ? ಜತೆಗೆ ಯಾರೂ ಇಲ್ಲವೆಂಬುದೊಂದು ಬಿಟ್ಟರೆ ಜಂಬವ್ವನಿಗೆ ಏನೂ ಗೊತ್ತಿರಲಿಲ್ಲ. ಜಾಗ ನಮಗೆ ತಿಳಿದಿದೆ, ಗಾಬರಿಯಾಗಬೇಡಿ, ಸಂಡೂರಿನ ಪೊಲೀಸರಿಗೆ ಈಗಲೇ ಹೇಳ್ತೀವಿ ಎಂದ. ಆಕಾಶದಲ್ಲಿ ತಿರುಗುವ ಯಂತ್ರಕ್ಕೆ ತಮ್ಮ ಬಿದ್ದ ಜಾಗ ಗೊತ್ತು. ಎತ್ತಿ ಆಡಿಸಿ ಬೆಳೆಸಿದ ತನಗೆ ಆ ಗುಡ್ಡದ ಹೆಸರೂ ಗೊತ್ತಿಲ್ಲ. ಅವಳಿಗೆ ನಾಚಿಕೆಯಾಯಿತು.

"ಸಾಹೇಬ್ರ, ನನ್ನ ನಂಬರ್ ನಿಮಗ ಯಾರು ಕೊಟ್ರು?"

"ಅವರೇ ಅಮ್ಮ. ಏನಾದ್ರೂ ಆದ್ರೆ ಯಾರಿಗೆ ಹೇಳ್ಬೇಕು ಅಂದಿದ್ದಕ್ಕೆ ನಿಮ್ಮೊಬ್ಬರದ್ದೇ ಕೊಟ್ಟಿದ್ದಾರೆ."

ಫೋನಿಟ್ಟ ಮೇಲೆ ಅವಳು ಅದರ ಪಕ್ಕದಲ್ಲೇ ಕೂತಳು. ನಾದಿದ ಹಿಟ್ಟು ಪರಾತದಲ್ಲೇ ಒಣಗಿತು. ಅಷ್ಟು ದೊಡ್ಡ ಊರಿನಲ್ಲಿ ಯಾರನ್ನು ಎಬ್ಬಿಸಿ ಏನು ಹೇಳಬೇಕೆಂದು ಹೊಳೆಯಲಿಲ್ಲ. ಅವನಿಗೆ ಅವಳೊಬ್ಬಳೇ ಇದ್ದಂತೆ ಅವಳಿಗೂ ಅವನೊಬ್ಬನೇ ಎಂಬುದು ಆಗ ಅರಿವಾಗಿ, ಗೋಡೆಗೊರಗಿ ಅತ್ತಳು.

ಬೆಳಗಿನ ಜಾವ ಫೋನು ಬಂತು. ಅರಣ್ಯದವರೂ ಪೊಲೀಸರೂ ಕೂಡಿ ಗಾಳೆಪ್ಪನನ್ನು ಒಂದು ಕೊರಕಲಿನಿಂದ ಹೊತ್ತು ತಂದಿದ್ದರು. ತೊಡೆಯ ಎಲುಬು ಮುರಿದಿತ್ತು, ರಕ್ತ ಹೋಗಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಜಂಬವ್ವ ಮೊದಲ ಬಸ್ಸಿಗೆ ಹೊಸಪೇಟೆಯ ಆಸ್ಪತ್ರೆಗೆ ಹೋದಳು.

ಕಾಲಿಗೆ ಪಟ್ಟಿ ಸುತ್ತಿಕೊಂಡು ಅವನು ಅಂಗಾತ ಮಲಗಿದ್ದ. ಮೈಯೆಲ್ಲ ಕೆಂಪು ಧೂಳು. ಅವಳು ಸೆರಗು ತೋಯಿಸಿ ಮುಖ ಒರೆಸಿದಳು. ಅವನೇ ಮೊದಲು ಬಾಯಿ ಬಿಟ್ಟ.

"ಗುಂಡಿ ಒತ್ತಿದ ಮ್ಯಾಲೆ ನೆನಪಾತು ಅಕ್ಕ. ನಿನ್ನ ನಂಬರ್ ಕೊಟ್ಟಾಂವನೂ ನಾನ, ಎತ್ತಬ್ಯಾಡ ಅಂದಾಂವನೂ ನಾನ. ನೀ ಎತ್ತಂಗಿಲ್ಲ ಅಂತ ಖಾತ್ರಿ ಇತ್ತು. ಕಾಲಿನ ನೋವಿಗಿಂತ ಅದ ಭಾಳ ಆತು."

ಜಂಬವ್ವ ಒರೆಸುತ್ತಲೇ ಇದ್ದಳು.

"ನಾನಲ್ಲ, ಬ್ಯಾರೆ ಯಾರೋ ಮಾಡ್ಯಾರ ಅಂತ ಹೆಂಗ ಗೊತ್ತಾತು ನಿನಗ?"

ಜಾಣತನದ ಉತ್ತರವೊಂದನ್ನು ಹೇಳಬಹುದಿತ್ತು. ಅವಳು ಹೇಳಲಿಲ್ಲ.

"ಗೊತ್ತಾಗಿಲ್ಲ. ನೀನ ಅಂತ ಎತ್ತಿದೆ."