ಪೇಷೆಂಟಿನ ಜನ

“ಏ ಬೇವರ್ಸಿ! ಆ ಮೂಲೆಯ ಉಚ್ಚೆ ಯಾರು ತೆಗಿಯುದು? ನಿನ್ನ ಅಪ್ಪ ಬರ್ತಾನಾ?”

ಗುಣಪಾಲ ಬಾಗಿಲಲ್ಲೇ ನಿಂತು ಕೂಗಿದ. ಅವನು ಆ ವಾರ್ಡಿನ ಅಟೆಂಡರ್. ಸಂಬಳ ಅವನಿಗೆ, ಉಚ್ಚೆ ನನಗೆ. ಬಟ್ಟೆ ಹಿಂಡಿ ಆ ಮೂಲೆಗೆ ಹೋದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೊದಮೊದಲು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಆಮೇಲೆ ಎರಡೂ ನಿಂತವು.

ನಾನು ಅಲ್ಲಿ ಕೆಲಸದವಳಲ್ಲ, ‘ಜನ’. ಮಂಗಳೂರಿನ ಆ ಆಸ್ಪತ್ರೆಯ ಹುಚ್ಚಿನ ವಾರ್ಡಿನಲ್ಲಿ ಪೇಷೆಂಟಿನ ಜೊತೆ ಬಂದವರನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರೂ ಜನ. ಚೀಟಿ ಮಾಡಿಸುವಾಗಲೇ ಕೇಳುತ್ತಾರೆ, “ಈ ಪೇಷೆಂಟಿಗೆ ಜನ ಉಂಟಾ?” ಇಲ್ಲ ಅಂದರೆ ಸೇರಿಸಿಕೊಳ್ಳುವುದಿಲ್ಲ. ಜನ ನಡುವಿನಲ್ಲಿ ಎದ್ದು ಹೋದರೆ ಪೇಷೆಂಟನ್ನೂ ಗೇಟಿನ ಹೊರಗೆ ಬಿಡುತ್ತಾರೆ. ಪೇಷೆಂಟಿಗೆ ಮಂಚ ಮತ್ತು ಗಂಜಿ, ಜನಕ್ಕೆ ನೆಲ. ಗುಡಿಸುವುದು, ಒರೆಸುವುದು, ಹೇಲು ಬಾಚುವುದು, ತಲೆಗೆ ಕರೆಂಟ್ ಕೊಡುವಾಗ ಕಾಲು ಹಿಡಿಯುವುದು ಎಲ್ಲ ಜನದ ಕೆಲಸ.

ನನ್ನ ಪೇಷೆಂಟ್ ನನ್ನ ತಂಗಿ ಗುಲಾಬಿ. ನಾವು ವಾಮಂಜೂರಿನವರು, ಗದ್ದೆಯ ಬದಿಯ ಗುಡಿಸಲು. ಹೆತ್ತ ಮಗು ಸತ್ತ ಮೇಲೆ ಅವಳು ಮಾತು ಬಿಟ್ಟಳು, ಆಮೇಲೆ ಊಟ ಬಿಟ್ಟಳು, ಆಮೇಲೆ ಬಾವಿಗೆ ಹಾರಿದಳು. ನೀರು ಕಡಿಮೆ ಇತ್ತು, ಸಾಯಲಿಲ್ಲ. ಮೇಲೆತ್ತಿದ ಮೇಲೂ ಬಾವಿಯ ಕಡೆಗೇ ನಡೆಯುತ್ತಿದ್ದಳು. ಗಂಡ ಅನ್ನುವ ನಾಯಿ ಅವಳನ್ನು ನನ್ನ ಹತ್ತಿರ ತಂದು ಬಿಟ್ಟು ಹೋದವನು ಮತ್ತೆ ಮೋರೆ ತೋರಿಸಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಬರುವಾಗ ಬಸ್ಸಿನಲ್ಲಿ ಅವಳು ಕಿರುಚಿದಳು. “ಹುಚ್ಚು ಮರ್ಲು ಹಿಡಿದದ್ದನ್ನೆಲ್ಲ ಯಾಕೆ ಹತ್ತಿಸ್ತೀರಿ? ಬೇರೆಯವರಿಗೆ ಉಪದ್ರ. ಇಳೀರಿ” ಅಂತ ಕಂಡಕ್ಟರ್ ಕುಲಶೇಖರದಲ್ಲಿ ಇಳಿಸಿದ. ಅಲ್ಲಿಂದ ಕೈಹಿಡಿದು ನಡೆಸಿಕೊಂಡು ಬಂದೆ. ಹಂಚಿನ ಕಾರ್ಖಾನೆಯಲ್ಲಿ ನಾನು ಮಣ್ಣು ಹೊರುತ್ತಿದ್ದೆ. ವಾರ್ಡಿನಲ್ಲಿ ಕೂತ ಮೇಲೆ ಆ ಕೆಲಸ ಬೇರೆಯವಳ ಪಾಲಾಯಿತು. ಹೋಗಲಿ, ಹಾಳಾಗಿ ಹೋಗಲಿ. ಇವಳ ತಲೆಯಿಂದ ಆ ಬಾವಿ ಹೋಗುವವರೆಗೆ ಇವಳಿಗೆ ಇಲ್ಲಿ ಒಂದು ಮಂಚ ಬೇಕು. ನನಗೆ ಬೇಕಾದದ್ದು ಅಷ್ಟೇ.

ಡಾಕ್ಟರು ಘಟ್ಟದ ಮೇಲಿನವರು, ತುಳು ಬಾರದು. ಮೂಗಿಗೆ ಕರ್ಚೀಫು ಹಿಡಿದು ಗುಲಾಬಿಯ ಮಂಚದ ಹತ್ತಿರ ನಿಂತರು.

“ಹೇಗಿದಾಳೆ?”

“ಮಾತಾಡುದಿಲ್ಲ ಡಾಕ್ಟ್ರೆ. ಗುಳಿಗೆ ಕೊಟ್ರೆ ಜೊಲ್ಲು ಇಳಿತದೆ, ಕುತ್ತಿಗೆ ಒಂದು ಕಡೆ ತಿರುಗ್ತದೆ. ಇವಳಿಗೆ ಎಂತ ಆದದ್ದು ಅಂತಾದ್ರೂ ಹೇಳಿ.”

“ಹೇಳಿದ್ರೆ ನಿಂಗೆ ಅರ್ಥ ಆಗುತ್ತಾ? ಸಿಸ್ಟರ್, ಕರೆಂಟ್ ಮುಂದುವರಿಸಿ.”

ಪಕ್ಕದ ಮಂಚಕ್ಕೆ ಹೋದರು. ಗುಣಪಾಲ ಗುಲಾಬಿಯ ಬಾಯಿಗೆ ಬಟ್ಟೆ ತುರುಕಿದ. “ಜನ ಬನ್ನಿ, ಕಾಲು ಹಿಡೀರಿ” ಅಂದ. ಒಂದು ಕಾಲು ನಾನು ಹಿಡಿದೆ, ಇನ್ನೊಂದು ಬೀಫಾತಿಮ್ಮ. ಅವಳು ಕುದ್ರೋಳಿಯಲ್ಲಿ ಬೀಡಿ ಕಟ್ಟುವವಳು, ಮಗಳು ಆರಿಫಾ ಪಕ್ಕದ ಮಂಚದಲ್ಲಿ. ಅವಳ ಮಗಳಿಗೆ ಕರೆಂಟ್ ಕೊಡುವಾಗ ನಾನು ಹಿಡಿಯುತ್ತೇನೆ, ನನ್ನ ತಂಗಿಗೆ ಕೊಡುವಾಗ ಅವಳು. ಕಾಲು ನಮ್ಮ ಕೈಯೊಳಗೆ ಮೀನಿನ ಹಾಗೆ ಪಟಪಟ ಹೊಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ನಾವು ಕೈ ತೊಳೆದುಕೊಂಡು ಗುಡಿಸಲಿಕ್ಕೆ ಹೋಗುತ್ತೇವೆ.

ಆ ದಿನ ಸಂಜೆ ಗುಣಪಾಲ ಎಲ್ಲರನ್ನೂ ಸೇರಿಸಿದ.

“ನಾಳೆ ಬೆಂಗಳೂರಿಂದ ರಿಸರ್ಚಿನವರು ಬರ್ತಾರೆ. ಬಡವರಿಗೆ ಮಾನಸಿಕ ಸೇವೆ ಸಿಗ್ತದಾ, ಸರಿ ಉಂಟಾ ಅಂತ ಕೇಳ್ಲಿಕ್ಕೆ. ಕೇಳಿದ್ರೆ ಎಲ್ಲ ಒಳ್ಳೆದುಂಟು ಅನ್ಬೇಕು. ಯಾರಾದ್ರೂ ಬಾಯಿ ಹರಿಬಿಟ್ರೆ ಅವರ ಪೇಷೆಂಟ್ ಹೊರಗೆ. ಮತ್ತೆ, ಜನ ಒಬ್ರೂ ಒಳಗೆ ಕಾಣ್ಬಾರ್ದು. ಹಿಂದಿನ ಜಗಲಿಗೆ ಹೋಗಿ ಸಾಯ್ಬೇಕು. ಗೊತ್ತಾಯ್ತಾ ರಂಡೆಗಳೇ?”

ಗೊತ್ತಾಯಿತು ಅಂದೆವು.

ಬೆಳಿಗ್ಗೆ ಕಪಾಟಿನ ಬೀಗ ತೆಗೆದರು. ಒಳಗೆ ಬಿಳಿ ಹಾಸುಗಳು ಇದ್ದವು, ಒಂದು ಕಲೆ ಇಲ್ಲ. ಇಷ್ಟು ದಿನ ಗುಲಾಬಿ ಬರೀ ರೆಕ್ಸಿನಿನ ಮೇಲೆ ಮಲಗಿದ್ದಳು, ಬೆನ್ನಿನಲ್ಲಿ ಹುಣ್ಣಾಗಿತ್ತು. ಹಾಸಿದ್ದು ನಾವೇ. ಕಿಟಕಿ ಹತ್ತಿರದ ಒಂದು ಮಂಚವನ್ನು ಖಾಲಿ ಮಾಡಿಸಿ ಹಾಸು ಹಾಕಿಸಿದರು, ನೋಡುವವರಿಗೆ ಚಂದ ಕಾಣಬೇಕಲ್ಲ. ಆಮೇಲೆ ಜನವೆಲ್ಲ ಜಗಲಿಗೆ ಹೋಯಿತು. ಗುಲಾಬಿ ನನ್ನ ಸೆರಗು ಹಿಡಿದವಳು ಬಿಡಲಿಲ್ಲ. ಬೆರಳು ಬಿಡಿಸುತ್ತಿರುವಾಗಲೇ ಡಾಕ್ಟರೂ ರಿಸರ್ಚಿನವರೂ ಒಳಗೆ ಬಂದರು.

ರಿಸರ್ಚಿನ ಮೇಡಂ ಸಣ್ಣ ಪ್ರಾಯದವರು. ಗುಲಾಬಿ ಕಣ್ಣು ಮುಚ್ಚಿದ್ದಳು. ಮಂಚದ ತುದಿಯಲ್ಲಿ ಕೂದಲು ಕೆದರಿಕೊಂಡು ಕೂತಿದ್ದ ನನ್ನನ್ನೇ ಪೇಷೆಂಟ್ ಅಂದುಕೊಂಡರು. ಅದು ನನಗೆ ಆಗ ಗೊತ್ತಾಗಲಿಲ್ಲ.

“ಹೇಗಿದ್ದೀರಿ ಅಮ್ಮ? ನಿಮಗೆ ಇಲ್ಲಿ ಸಿಗುವ ಸೇವೆ ತೃಪ್ತಿಕರವಾಗಿದೆಯೇ?”

ಒಳ್ಳೆದುಂಟು ಅಂತ ಹೇಳಲಿಕ್ಕೇ ಬಾಯಿ ತೆರೆದೆ, ಸತ್ಯವಾಗಿ. ಆದರೆ ಆ ವಾರ್ಡಿನಲ್ಲಿ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದವರು ಅವರೊಬ್ಬರೇ. ಬಾಯಿ ಬೇರೆಯೇ ಹೇಳಿತು.

“ಸೇವೆ ಮಾಡುದು ನಾವಲ್ವಾ ಮೇಡಂ? ಉಚ್ಚೆ ತೆಗಿಯುದು ನಾವು, ಕಾಲು ಹಿಡಿಯುದು ನಾವು. ಈ ಹಾಸು ಇವತ್ತು ಬಂದದ್ದು, ನೀವು ಹೋದ ಮೇಲೆ ಕಪಾಟಿಗೆ ಹೋಗ್ತದೆ. ಬೆನ್ನು ನೋಡಿ, ಹುಣ್ಣು ಉಂಟು. ರೋಗ ಎಂತದು ಅಂತ ಕೇಳಿದ್ರೆ ಹೇಳುದಿಲ್ಲ. ಜನ ಹೋದ್ರೆ ಪೇಷೆಂಟನ್ನು ಬೀದಿಗೆ ಬಿಡ್ತಾರೆ.”

ಮೇಡಂ ಬೇಗ ಬೇಗ ಬರೆದುಕೊಂಡರು. ಡಾಕ್ಟರು ನಕ್ಕರು.

“ಪೇಷೆಂಟ್ ಮೇಡಂ. ಎಲ್ಲರೂ ತನಗೆ ಹಿಂಸೆ ಕೊಡ್ತಾರೆ ಅನ್ನಿಸೋದೇ ಇವರ ಕಾಯಿಲೆ. ಇದನ್ನೆಲ್ಲ ತಗೋಬೇಡಿ.”

ನಿನ್ನೆ ನನ್ನ ಹತ್ತಿರವೇ ಮಾತಾಡಿದ ಡಾಕ್ಟರು. ನನ್ನ ಮೋರೆ ನೆನಪಿರಲಿಲ್ಲವೋ, ನೆನಪಿದ್ದೇ ಹೇಳಿದರೋ, ಯಾರಿಗೆ ಗೊತ್ತು. ಮೇಡಂ “ಓ, ಸಾರಿ” ಅಂದು ಬರೆದದ್ದರ ಮೇಲೆ ಗೆರೆ ಎಳೆದರು.

ಗೆರೆ ಎಳೆದದ್ದು ನೋಡಿದೆ. ಎದೆಯಲ್ಲಿ ಏನೂ ಆಗಲಿಲ್ಲ. ಎದ್ದು ಕಿಟಕಿ ಹತ್ತಿರದ ಖಾಲಿ ಮಂಚಕ್ಕೆ ಹೋಗಿ, ಕೊಳೆ ಕಾಲಿನಲ್ಲೇ ಹತ್ತಿ, ಬಿಳಿ ಹಾಸಿನ ಮೇಲೆ ಮಲಗಿದೆ.

“ಏ! ಇಳಿ ಕೆಳಗೆ!” ಡಾಕ್ಟರು ಕೂಗಿದರು.

“ಪೇಷೆಂಟ್ ಅಂದ್ರಲ್ಲ ಡಾಕ್ಟ್ರೆ. ಪೇಷೆಂಟಿಗೆ ಮಂಚ ಉಂಟು.”

ಗುಣಪಾಲ ಓಡಿ ಬಂದು ರಟ್ಟೆ ಹಿಡಿದು ಎಳೆದ. “ಇಳಿಯೇ ಬೇವರ್ಸಿ! ಸಾರ್, ಇವಳು ಪೇಷೆಂಟ್ ಅಲ್ಲ ಸಾರ್, ಜನ!”

ಅಂದ ಮೇಲೆ ಅವನಿಗೇ ಗೊತ್ತಾಯಿತು. ನಾಲಗೆ ಕಚ್ಚಿಕೊಂಡ. ಮೇಡಂ ಡಾಕ್ಟರ ಮೋರೆ ನೋಡಿದರು.

“ಹೇಳಿ ಡಾಕ್ಟ್ರೆ,” ನಾನು ಮಲಗಿದಲ್ಲಿಂದಲೇ ಕೇಳಿದೆ. “ನನಗೆ ಮರ್ಲು ಉಂಟಾದ್ರೆ ಮಂಚ ಕೊಡಿ. ಇಲ್ಲಾಂದ್ರೆ ನಾನು ಹೇಳಿದ್ದು ಬರಿಲಿಕ್ಕೆ ಹೇಳಿ.”

ಡಾಕ್ಟರು ಕರ್ಚೀಫು ಮಡಚಿ ಕಿಸೆಗೆ ಹಾಕಿದರು. ಅವರ ಸ್ವರ ಏರಲಿಲ್ಲ.

“ಇವಳಿಗೂ ಇದೆ ಮೇಡಂ. ಒಂದೇ ರಕ್ತ ಅಲ್ವಾ. ಗುಣಪಾಲ, ಇವಳನ್ನ ಅಡ್ಮಿಟ್ ಮಾಡು, ಕರೆಂಟಿಗೆ ಕಟ್ಟು. ಆ ತಂಗಿಗೆ ಇನ್ನು ಜನ ಇಲ್ಲ. ಗೇಟಿನ ಹೊರಗೆ ಬಿಡು.”

ಗೇಟಿನ ಹೊರಗೆ ಗುಲಾಬಿ ಒಬ್ಬಳೇ. ಅವಳಿಗೆ ಗೊತ್ತಿರುವುದು ಒಂದೇ ದಾರಿ, ಅದು ಎಲ್ಲಿಗೆ ಹೋಗುತ್ತದೆ ಅಂತ ನನಗೂ ಗೊತ್ತು. ಆಗ ಹೆದರಿಕೆ ಆಯಿತು.

“ಜನ ಬನ್ನಿ! ಕಾಲು ಹಿಡೀರಿ!” ಗುಣಪಾಲ ಜಗಲಿಗೆ ಕೇಳುವ ಹಾಗೆ ಕೂಗಿದ.

ಎಲ್ಲರೂ ಬಾಗಿಲಿಗೆ ಬಂದು ನಿಂತರು. ಒಬ್ಬರೂ ಹೊಸಿಲು ದಾಟಲಿಲ್ಲ. ಅವನು ಇನ್ನೊಮ್ಮೆ ಕೂಗಿದ, ಬೈದ, ಕೊನೆಗೆ ತಾನೇ ನನ್ನ ಒಂದು ಕಾಲು ಹಿಡಿದ. ಇನ್ನೊಂದು ಕಾಲಿನಿಂದ ಅವನ ಎದೆಗೆ ಒದ್ದೆ. ಮಣ್ಣು ಹೊತ್ತ ಕಾಲು ಅದು. ಅವನು ನೆಲ ಒರೆಸುವ ಬಕೆಟಿನ ಮೇಲೆ ಬಿದ್ದ, ನೀರೆಲ್ಲ ಚೆಲ್ಲಿತು.

“ನೋಡಿದ್ರಾ ಮೇಡಂ?” ಡಾಕ್ಟರು ಅಂದರು. “ವಯಲೆಂಟ್.”

ಮೇಡಂ ಪೆನ್ನು ತೆಗೆದು ಬರೆದುಕೊಂಡರು.

ಬೀಫಾತಿಮ್ಮ ಹೊಸಿಲು ದಾಟಿದಳು. ಮಗಳ ಮಂಚದ ಕಡೆ ಒಮ್ಮೆ ನೋಡಿದಳು, ಅಲ್ಲಿಗೆ ಹೋಗಲಿಲ್ಲ. ಬಕೆಟಿನ ನೀರು ತುಳಿದುಕೊಂಡು ಬಂದು ಗುಲಾಬಿಯ ಮಂಚದ ಮೇಲೆ, ಆ ಬಿಳಿ ಹಾಸಿನ ಮೇಲೆ, ಒದ್ದೆ ಕಾಲು ಮಡಚಿ ಕೂತಳು.

“ಈ ಹುಡುಗಿಗೆ ಜನ ನಾನು,” ಅಂದಳು. “ಬರೀರಿ ಮೇಡಂ. ಇದನ್ನೂ ಬರೀರಿ.”