ಬಾಗಿಲಂಚಿನ ದನಿ

ಎರಡನೇ ಮಹಡಿಯ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು.

"ನೆಟ್ಟಗೆ ನಿಲ್ಲಿಸಿ ತಿರುಗಿಸಿಬಿಡೋಣ ಅತ್ತಿಗೆ," ಎಂದ ಚಿಕ್ಕಪ್ಪ, ಏದುಸಿರು ಬಿಡುತ್ತ. "ಈ ಕಟ್ಟಡ ಕಟ್ಟಿದೋನು ಇಲ್ಲಿ ಯಾರೂ ಸಾಯೋದೇ ಇಲ್ಲ ಅಂದ್ಕೊಂಡಿದ್ದ ಅಂತ ಕಾಣುತ್ತೆ."

"ನಿಲ್ಲಿಸಬೇಡಿ," ಎಂದಳು ಮೇಲಿನಿಂದ ಅಮ್ಮ. "ಒಳಗೆ ನಿಮ್ಮಣ್ಣ ಮೂಟೆ ಥರ ಕುಸಿದು ಬೀಳ್ತಾರೆ. ಮಲಗಿದ ಹಾಗೇ ಹೋಗ್ಲಿ. ನಾನು ಕೇಳ್ತಿರೋದು ಅದೊಂದೇ."

ಮಗಳು ಅಮ್ಮನ ಪಕ್ಕ ಕಂಬಿ ಹಿಡಿದು ನಿಂತಿದ್ದಳು. ಬೆಳಗಿನಿಂದ ಅಳು ಬಂದಿರಲಿಲ್ಲ. ಯಾರದೋ ಮನೆಯ ಸಾಮಾನು ಸಾಗಿಸುವುದನ್ನು ನೋಡುತ್ತಿರುವಂತಿತ್ತು.

ಪೆಟ್ಟಿಗೆಯ ಕೆಳತುದಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದವರು ಮುದುಕ ಪೈಲಟ್. ಅಪ್ಪನ ಜೊತೆ ಸೇನೆಯ ಹೆಲಿಕಾಪ್ಟರಿನಲ್ಲಿ ವರ್ಷಗಟ್ಟಲೆ ಹಾರಿದವರು.

*

ಅಪ್ಪ ರಜೆಗೆ ಬಂದರೆ ಮನೆಗೆ ಇನ್ನೊಂದು ಬೀರು ಬಂದ ಹಾಗೆ. "ಮಾತಾಡಿದ್ರೆ ಮುತ್ತು ಉದುರುತ್ತೇನೋ," ಎಂದು ಅಮ್ಮ ಪಾತ್ರೆ ಕುಕ್ಕುತ್ತಿದ್ದಳು.

"ಅಪ್ಪಾ, ನಿಮ್ಮ ಕೆಲಸ ಏನು?" ಮಗಳು ಚಿಕ್ಕವಳಿದ್ದಾಗ ಕೇಳಿದ್ದಳು.

"ಹಗ್ಗ ಬಿಡೋದು, ಹಗ್ಗ ಎಳೆಯೋದು."

"ಅಷ್ಟೇನಾ?"

"ಅಷ್ಟೇ."

ಅವಳು ಕ್ಲಾಸಿನಲ್ಲಿ ಹಾಗೇ ಹೇಳಿದಳು. ಬಾವಿ ಎಲ್ಲಿದೆ ಎಂದು ಎಲ್ಲರೂ ನಕ್ಕರು. ಆಮೇಲೆ ಅವಳೂ ಮಾತು ಕಡಿಮೆ ಮಾಡಿದಳು.

*

"ಎಡಕ್ಕೆ! ಅಯ್ಯೋ, ಬಲಕ್ಕೆ!" ಎಲ್ಲರೂ ಒಟ್ಟಿಗೆ ಕೂಗಿದರು.

ಪೈಲಟ್ ನಿಂತುಬಿಟ್ಟರು. "ನಂಗೆ ಹಿಂದೆ ಏನೂ ಕಾಣ್ತಿಲ್ಲ. ಒಬ್ರೇ ಹೇಳ್ಬೇಕು. ಮಗೂ, ನೀನು ಹೇಳು. ನಿಮ್ಮಪ್ಪ ಹೇಳ್ತಿದ್ದ ಹಾಗೆ."

"ಅಪ್ಪ ಮಾತೇ ಆಡ್ತಿರ್ಲಿಲ್ಲ ಅಂಕಲ್."

"ಅವನಾ? ಹೆಲಿಕಾಪ್ಟರಿಂದ ಹಗ್ಗದಲ್ಲಿ ಜನರನ್ನ ಇಳಿಸುವಾಗ ನಮಗೆ ಕೆಳಗಿನದು ಕಾಣೋದೇ ಇಲ್ಲ. ಅವನು ಬಾಗಿಲಂಚಲ್ಲಿ ಬೋರಲು ಮಲಗಿ, ಬಾಯಿಗೆ ಬಿಡುವು ಕೊಡದೆ ಹೇಳ್ತಾನೇ ಇರ್ತಿದ್ದ. ಮುಂದೆ ಒಂದಡಿ, ಬಲಕ್ಕೆ ಅರ್ಧ, ಹಾಗೇ ಇರು, ಹಾಗೇ ಇರು ಅಂತ. ಅವನು ಸುಮ್ಮನಾದ್ರೆ ನಾನು ಕುರುಡ."

ಅವಳು ಕಂಬಿಯಾಚೆ ಬಗ್ಗಿದಳು.

"ಬಲಕ್ಕೆ... ಅರ್ಧ ಅಡಿ. ಹಾಗೇ ಇರಿ. ನಿಮ್ಮ ತುದಿ ಸ್ವಲ್ಪ ಮೇಲೆ. ಚಿಕ್ಕಪ್ಪ, ನೀವು ಅಲ್ಲಾಡಬೇಡಿ. ಈಗ ಹಿಂದೆ, ಒಂದು ಮೆಟ್ಟಿಲು."

ಗೋಡೆಯ ಸುಣ್ಣ ಕೆರೆದುಕೊಂಡು ಪೆಟ್ಟಿಗೆ ತಿರುಗಿತು, ಮಲಗಿದ ಹಾಗೇ. ಅಮ್ಮ ಮೇಲಿನ ಮೆಟ್ಟಿಲ ಮೇಲೆ ಕೂತಳು. ಮಗಳು ಹೇಳುತ್ತಲೇ ಇಳಿದಳು. ಬಾಗಿಲು ದಾಟಿತು, ಬೀದಿ ಬಂತು, ವ್ಯಾನು ಬಂತು. "ಕೆಳಗೆ... ಇನ್ನೊಂಚೂರು ಕೆಳಗೆ..."

ಪೆಟ್ಟಿಗೆಯ ಮರ ವ್ಯಾನಿನ ತಗಡಿಗೆ ತಾಗಿತು. ಎಲ್ಲರೂ ಕೈ ತೆಗೆದರು, ಪೈಲಟ್ ಒಬ್ಬರನ್ನು ಬಿಟ್ಟು.

"ಇಳಿದಾಯ್ತು ಅಂತ ಹೇಳು ಮಗೂ. ಕೆಳಗಿನವನು ಹಗ್ಗ ಬಿಚ್ಚಿದ ಅಂತ ನಿಮ್ಮಪ್ಪ ಹೇಳೋವರೆಗೂ ನಾವು ಕದಲ್ತಿರ್ಲಿಲ್ಲ."

ವ್ಯಾನಿನ ಎಂಜಿನ್ ಗುರುಗುಡುತ್ತಿತ್ತು. "ಹೇಳಮ್ಮಾ, ಹೊತ್ತಾಯ್ತು," ಎಂದ ಚಿಕ್ಕಪ್ಪ.

ಅವಳು ಬಾಯಿ ತೆರೆದಳು.

"ಹಾಗೇ ಇರಿ," ಎಂದಳು. ಮತ್ತೆ, "ಹಾಗೇ ಇರಿ."

ಮುದುಕರು ಪೆಟ್ಟಿಗೆಯ ಹಿಡಿ ಬಿಡದೆ, ಬಗ್ಗಿದ ಬೆನ್ನಿನಲ್ಲಿ ಹಾಗೇ ನಿಂತರು. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ನೋಡಿ ಎಂಜಿನ್ ಆರಿಸಿದ.