ಬಾಯಿ ಮುಚ್ಚಿದ ಅಜ್ಜಿ

ಕಂಚಿನ ಧೂಪದಾನಿಯನ್ನು ಕಾಲುವೆಯ ಕೊನೆಯ ಮೆಟ್ಟಿಲ ಮೇಲಿಟ್ಟುಕೊಂಡು ಲುವಾ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಮುಚ್ಚಳದ ಮೇಲಿನ ಸಿಂಹದ ಹಲ್ಲಿನ ಸಂದಿಯಲ್ಲಿ ವರ್ಷದ ಮಸಿ ಕೂತಿತ್ತು. ತೆಂಗಿನ ಗರಿಯ ಕಡ್ಡಿಯಿಂದ ಅದನ್ನು ಕೆದಕಿ ತೆಗೆದಳು. ಪಕ್ಕದಲ್ಲೇ ಅಪ್ಪ ಕೂತು ಮೀನಿನ ಹುರುಪೆ ಹೆರೆಯುತ್ತಿದ್ದ. ಇಬ್ಬರೂ ಮಾತಾಡಲಿಲ್ಲ. ಮಾತಾಡಿದರೆ ಫೋಟೋದ ವಿಷಯವೇ ಬರುತ್ತದೆಂದು ಅವಳಿಗೂ ಗೊತ್ತು, ಅಪ್ಪನಿಗೂ ಗೊತ್ತು. ಬಂದರೆ ಅಪ್ಪ "ಅಕ್ಕನ ಹತ್ರ ಕೇಳೋಣ ಬಿಡು" ಅನ್ನುತ್ತಾನೆ. ಆ "ಕೇಳೋಣ ಬಿಡು" ಹುಟ್ಟಿ ವರ್ಷವಾಗುತ್ತ ಬಂದಿತ್ತು, ಇನ್ನೂ ನಡೆಯಲು ಕಲಿತಿರಲಿಲ್ಲ.

ಅವತ್ತು ಸೌ ಅಜ್ಜಿಯ ಮೊದಲ ತಿಥಿ.

ತೊಳೆದ ಧೂಪದಾನಿಯನ್ನು ಸೆರಗಿನಂತೆ ಹೆಗಲ ಮೇಲಿದ್ದ ಚೌಕಳಿ ವಸ್ತ್ರದಲ್ಲಿ ಒರೆಸಿ ಒಳಗೆ ತಂದು ಲುವಾ ಹಿರಿಯರ ಪೀಠದ ಮೇಲಿಟ್ಟಳು. ಪೀಠದ ಮೇಲಿನ ಚೌಕಟ್ಟಿನಿಂದ ಒಬ್ಬ ಹೆಂಗಸು ಅವಳನ್ನು ನೋಡಿದಳು. ಬೆಳ್ಳಗಿನ ಮುಖ, ಎಣ್ಣೆ ಹಚ್ಚಿ ಬಾಚಿದ ಕರೀ ಕೂದಲು, ಮೈಮೇಲೆ ಕೆಂಪು ಮಖಮಲ್ಲಿನ ಉದ್ದನೆ ಅಂಗಿ, ಕೊರಳಲ್ಲಿ ಮುತ್ತಿನ ಸರ, ಗಟ್ಟಿಯಾಗಿ ಮುಚ್ಚಿದ ಬಾಯಿ. ಯಾವುದೋ ಕನ್ಯಾಶಾಲೆಯ ಮುಖ್ಯೋಪಾಧ್ಯಾಯಿನಿ ಇದ್ದ ಹಾಗೆ. ಎಂಟೊಂಬತ್ತು ತಿಂಗಳಿಂದ ಈಕೆಗೇ ಲುವಾ ಬೆಳಗ್ಗೆ ಸಂಜೆ ಊದುಬತ್ತಿ ಹಚ್ಚುತ್ತ ಬಂದಿದ್ದಳು. ಹಚ್ಚುವಾಗೆಲ್ಲ ಮನಸ್ಸಿನಲ್ಲೇ, "ನಿಮಗಲ್ಲ ಇದು, ದಯವಿಟ್ಟು ನಮ್ಮಜ್ಜಿಗೆ ತಲುಪಿಸಿ" ಎಂದು ಬೇಡುತ್ತಿದ್ದಳು.

ಅಜ್ಜಿಯ ಫೋಟೋ ಇದಾಗಿರಲಿಲ್ಲ. ಅಜ್ಜಿ ತನ್ನ ಪೀಠದ ಫೋಟೋವನ್ನು ತಾನೇ ತೆಗೆಸಿಟ್ಟಿದ್ದಳು. ಹೊಸ ವರ್ಷದ ಸಂತೆಗೆ ಒಬ್ಬ ಫೋಟೋದವನು ಬಂದಿದ್ದ. ಹಿಂದೆ ಕಟ್ಟುವ ಪರದೆಯ ಮೇಲೆ ಅವನು ಒಂದು ಕೊಳ, ಕೊಳದ ತುಂಬ ತಾವರೆ ಬರೆಸಿಕೊಂಡಿದ್ದ. ಅಜ್ಜಿ ಸ್ಟೂಲಿನ ಮೇಲೆ ನೆಟ್ಟಗೆ ಕೂತಳು. ಅವನು "ಬಾಯಿ ಮುಚ್ಚಿ ಅಜ್ಜಿ, ಬಾಯಿ ಮುಚ್ಚಿ" ಎನ್ನುತ್ತಿದ್ದ. ಅಷ್ಟರಲ್ಲಿ ಯಾರದ್ದೋ ಬುಟ್ಟಿಯಿಂದ ತಪ್ಪಿಸಿಕೊಂಡ ಬಾತುಕೋಳಿಯೊಂದು ಓಡಿ ಬಂದು, ಬರೆದ ಕೊಳಕ್ಕೆ ಧುಮುಕಲು ಹೋಗಿ ಪರದೆಗೆ ಡಿಕ್ಕಿ ಹೊಡೆದು ಕೂತಿತು. ಅಜ್ಜಿ ಬಾಯ್ತುಂಬ ನಕ್ಕಳು. ವೀಳ್ಯ ಜಗಿದು ಜಗಿದು ಕಪ್ಪಾದ ಹಲ್ಲು, ಕೆಂಪು ನಾಲಗೆ, ಗಲ್ಲದ ಮೇಲಿನ ಕೂದಲುಳ್ಳ ಮಚ್ಚೆ, ಕೊರಳ ಚೌಕಳಿ ವಸ್ತ್ರ ಎಲ್ಲವೂ ಫೋಟೋದಲ್ಲಿ ಬಿತ್ತು. ಮೂಲೆಯಲ್ಲಿ ಬಾತುಕೋಳಿಯ ಬಾಲವೂ ಬಿತ್ತು. ಇನ್ನೊಂದು ತೆಗೆಯುತ್ತೇನೆ ಎಂದವನಿಗೆ ಅಜ್ಜಿ, "ಬ್ಯಾಡ, ನಾನು ಇರೋದೇ ಹಿಂಗೆ" ಎಂದಿದ್ದಳು.

ಮನೆಗೆ ಬಂದು ಲುವಾಗೆ ತೋರಿಸಿ ಹೇಳಿದ್ದಳು: "ನೋಡಮ್ಮಾ, ನಂಗೆ ಎಡೆ ಇಡೋವಾಗ ಇದು ಇರಬೇಕು. ಬಾಯಿ ಮುಚ್ಕೊಂಡಿರೋಳ ಮುಂದೆ ಎಡೆ ಇಟ್ರೆ, ಅದು ಬೇರೆ ಯಾರ್ದೋ ಊಟ ಅಂತ ನಾನು ಆಚೆಯಿಂದ್ಲೇ ಹೊರಟೋಗ್ತೀನಿ. ಕರೀದೇ ಇರೋ ಮನೇಲಿ ನಾನು ಉಂಡೋಳಲ್ಲ."

ಸಾವಿನ ಮನೆಯಲ್ಲಿ ಅದೇ ಫೋಟೋ ಇತ್ತು. ಆಮೇಲೆ ಬಾ ಅತ್ತೆ, "ದೊಡ್ಡದು ಮಾಡಿಸಿ ತರ್ತೀನಿ" ಎಂದು ಅದನ್ನು ಕಾನ್ ಥೋ ಪೇಟೆಯ ಸ್ಟುಡಿಯೋಗೆ ಒಯ್ದಳು. ನೂರನೇ ದಿನದ ಎಡೆಗೆ ಬಂದದ್ದು ಈ ಮುಖ್ಯೋಪಾಧ್ಯಾಯಿನಿ. ಹಳೆಯದು ವಾಪಸ್ಸು ಬರಲೇ ಇಲ್ಲ.

ಬಾ ಅತ್ತೆ ಅಂದರೆ ಅಪ್ಪನ ಅಕ್ಕ. ಪೇಟೆಯಲ್ಲಿ ಪರದೆ ಹೊಲಿಯುವ ಅಂಗಡಿ ಇಟ್ಟವಳು. ಯಾವುದನ್ನೇ ಕಂಡರೂ ಮುಚ್ಚಬೇಕು ಅನ್ನಿಸುವುದು ಅವಳ ಕಸುಬಿನ ಗುಣವಿರಬೇಕು. ಈ ವರ್ಷ ಮನೆಯ ಮುಂಗೋಡೆಯನ್ನೂ ಬಿಡಲಿಲ್ಲ. ಕಾಲುವೆಯ ಕೆಸರಲ್ಲಿ ಬೆಳೆಯುವ ನೀರುತೆಂಗಿನ ಗರಿಯಿಂದ ಅಜ್ಜಿ ಕೈಯಾರೆ ಹೊಲಿದ ತಟ್ಟಿ ಕೀಳಿಸಿ ಗುಲಾಬಿ ಬಣ್ಣದ ಟೈಲ್ಸ್ ಹಾಕಿಸಿದಳು. ಅಡುಗೆಮನೆ ಮಾತ್ರ ಹಿಂದೆ ಇತ್ತು, ಯಾರಿಗೂ ಕಾಣುತ್ತಿರಲಿಲ್ಲ, ಹಾಗಾಗಿ ಉಳಿದುಕೊಂಡಿತು.

ಬಿಸಿಲೇರುವ ಹೊತ್ತಿಗೆ ಅತ್ತೆ ಬಂದಳು. ಜೊತೆಗೆ ಗಂಡನ ಅಕ್ಕ ಲಿಯೆನ್ ಬಂದಿದ್ದಳು. ಆಕೆ ಕುರ್ಚಿಯ ಮೇಲೆ ಮೊದಲು ಕರವಸ್ತ್ರ ಹಾಸಿ ಆಮೇಲೆ ತಾನು ಕೂತಳು.

"ಲುವಾ, ನೀರು ತಂದುಕೊಡೇ. ಆ ಲೋಟ ಅಲ್ಲ, ಗಾಜಿಂದು. ಯಾಕೆ ಹಂಗೆ ಅಲ್ಲೇ ನಿಂತಿದೀಯಾ? ಬಾಯಲ್ಲಿ ಕಡುಬು ಇಟ್ಕೊಂಡಿದೀಯೇನೇ?" ಎಂದಳು ಅತ್ತೆ. ಅತ್ತಿಗೆಯ ಕಡೆ ತಿರುಗಿ ಅದೇ ಉಸಿರಿನಲ್ಲಿ ದನಿ ಬದಲಿಸಿ, "ಏಳನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ರು ಅತ್ತಿಗೆ. ಅಮ್ಮನ್ನ ನೋಡ್ಕೊಳ್ಳೋಕೆ ಒಬ್ರು ಬೇಕಿತ್ತಲ್ಲ. ಮಾತೇ ಆಡಲ್ಲ ಈ ಹುಡುಗಿ" ಎಂದಳು.

ಲುವಾ ಗಾಜಿನ ಲೋಟ ತಂದಳು. ಮಾತಾಡದವರ ಕಣ್ಣು ಚುರುಕು ಎಂದು ಅತ್ತೆಗೆ ಯಾರೂ ಹೇಳಿರಲಿಲ್ಲ.

ಎಡೆ ತುಂಬಿತು. ಎಳನೀರಿನಲ್ಲಿ ಬೇಯಿಸಿದ ಹಂದಿಮಾಂಸ ಮತ್ತು ಮೊಟ್ಟೆ, ಹುಳಿ ಮೀನುಸಾರು, ಹಾಗಲಕಾಯಿ, ಬಿಳಿ ಅನ್ನ, ತುದಿಯಲ್ಲಿ ಒಂದು ತಟ್ಟೆ ವೀಳ್ಯ. ಅತ್ತೆ ವೀಳ್ಯದ ತಟ್ಟೆಯನ್ನು ಹಿಂದಕ್ಕೆ ಸರಿಸಿ, ಅದರ ಮುಂದೆ ಬೇಕರಿಯ ಕ್ರೀಮ್ ಕೇಕ್ ಇಟ್ಟಳು. ಅಪ್ಪ ಮೂರು ಊದುಬತ್ತಿ ಹಚ್ಚಿ, ಹಣೆಗೊತ್ತಿ, ಧೂಪದಾನಿಯಲ್ಲಿ ನೆಟ್ಟ. ಇನ್ನು ಬತ್ತಿ ಉರಿದು ಮುಗಿಯುವ ತನಕ ಅದು ಅಜ್ಜಿಯ ಊಟದ ಹೊತ್ತು. ಬತ್ತಿ ಆರಿದ ಮೇಲೆ ಎಡೆ ಇಳಿಸಿ ಮನೆಯವರು ಉಣ್ಣುವುದು.

ಲುವಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಬತ್ತಿಯನ್ನೇ ನೋಡಿದಳು. ಹಿರಿಯರು ಬಂದಿದ್ದರೆ ಬೂದಿ ಉದುರದೆ ಸುರುಳಿಯಾಗಿ ಬಾಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಬೂದಿ ನೆಟ್ಟಗೆ ನಿಂತು ತಟಕ್ಕನೆ ಮುರಿದು ಬಿತ್ತು.

ಆಗ ಕಾಲುವೆಯ ದಂಡೆಯಿಂದ ಯಾರೋ ಬಯ್ಯುವುದು ಕೇಳಿಸಿತು.

"ಅಲ್ಲಾ, ಒಂದು ಇಡೀ ಮನೇನೇ ನುಂಗಿ ನೀರು ಕುಡಿದ್ರಾ ಇವ್ರು? ಈ ತಿರುವಲ್ಲೇ ಇತ್ತು. ಮಾವಿನ ಮರ ಇದೆ, ಮೆಟ್ಲಿದೆ, ಮನೆ ಇಲ್ಲ!"

ತಾಮ್ ಅಜ್ಜಿ. ಸೌ ಅಜ್ಜಿಯ ಜೊತೆ ಕೂದಲು ಕಪ್ಪಗಿದ್ದಾಗಿನಿಂದ ಗರಿ ಹೊಲಿದವಳು. ಸಾವಾದ ಮೇಲೆ ಮಗಳ ಊರಿಗೆ ಹೋದವಳು ಇವತ್ತು ತಿಥಿಗೆಂದು ದೋಣಿ ಹಿಡಿದು ಬಂದಿದ್ದಳು. ಕೈಯಲ್ಲಿ ಬಾಳೆಎಲೆಯ ಕಡುಬಿನ ಗೊಂಚಲು. ಲುವಾ ಓಡಿಹೋಗಿ ಕೈ ಹಿಡಿದಳು.

"ನೀನಾ ಕೂಸೇ? ನೋಡು, ಈಗ ಆ ಗುಲಾಬಿ ಮನೆ ಬಾಗಿಲಿಗೆ ಹೋಗಿದ್ದೆ. ಯಾವ್ದೋ ಶ್ರೀಮಂತ್ರ ಮನೆ ತಿಥಿ. ಯಾವ್ಳೋ ದೊಡ್ಡ ಮನುಷ್ಯಳು ಪೀಠದ ಮೇಲೆ ಕೂತವ್ಳೆ. ತಪ್ಪಾಯ್ತು ಅಂತ ಕೈ ಮುಗಿದು ವಾಪಸ್ ಬಂದೆ. ನಾಕು ಮನೆ ಆಚೆಗೂ ಹೋದೆ, ಅಲ್ಲಿ ನಾಯಿ ಅಟ್ಟಿಸ್ಕೊಂಡು ಬಂತು. ಸೌ ಮನೆ ಎಲ್ಲೇ?"

ಲುವಾ ಅವಳನ್ನು ಹಿಂಬಾಗಿಲಿನಿಂದ ಕರೆತಂದಳು. ಮಣ್ಣಿನ ಒಲೆ, ಮಳೆನೀರಿನ ಗುಡಾಣ, ಗೋಡೆಗೆ ಸಿಕ್ಕಿಸಿದ ಗರಿ ಹೊಲಿಯುವ ದಬ್ಬಣ ಕಂಡದ್ದೇ ತಾಮ್ ಅಜ್ಜಿ, "ಹಾಂ, ಇದು ಸೌ ಮನೆ" ಎಂದು ಗುಡಾಣದ ಬೆನ್ನು ತಟ್ಟಿದಳು. ಆಮೇಲೆ ಮುಂದಿನ ಕೋಣೆಗೆ ಕಾಲಿಟ್ಟು, ಅತ್ತೆಯನ್ನು ನೋಡಿ, ಲಿಯೆನ್‌ಳನ್ನು ನೋಡಿ, ಪೀಠವನ್ನು ನೋಡಿ ನಿಂತುಬಿಟ್ಟಳು.

"ಯಾರೇ ಇವ್ಳು?"

"ಅಮ್ಮ, ತಾಮಮ್ಮಾ" ಎಂದಳು ಅತ್ತೆ.

"ಯಾರಮ್ಮ?"

"ನಮ್ಮಮ್ಮ. ಸ್ವಲ್ಪ ತಿದ್ದಿಸಿದೀವಿ ಅಷ್ಟೆ."

ತಾಮ್ ಅಜ್ಜಿ ಹತ್ತಿರ ಹೋದಳು. ಕತ್ತನ್ನು ಅತ್ತ ವಾಲಿಸಿದಳು, ಇತ್ತ ವಾಲಿಸಿದಳು. "ಸೌಗೆ ಒಂದು ಮಚ್ಚೆ ಇತ್ತು. ಅದನ್ನ ಎಲ್ಲಿ ಮಾರ್ಕೊಂಡ್ರಿ?"

ಅಪ್ಪ ಊದುಬತ್ತಿ ಹಚ್ಚಿ ಅವಳ ಕೈಗೆ ಕೊಡಲು ಹೋದ. "ಕೈ ಮುಗೀರಿ ತಾಮಮ್ಮ. ಬಿಸಿಲಲ್ಲಿ ಬಂದಿದೀರಿ, ಮುಗಿಸಿ ಕೂತ್ಕೊಳ್ಳಿ."

"ಇರಪ್ಪ ಊತ್. ಗುರುತಿಲ್ದೋರಿಗೆ ಏನಂತ ಕೈ ಮುಗೀಲಿ? ಹೆಸ್ರು ಬೇರೆ ಗೊತ್ತಿಲ್ಲ." ಅವಳು ಬತ್ತಿ ತೆಗೆದುಕೊಳ್ಳಲಿಲ್ಲ. ಕಡುಬಿನ ಗೊಂಚಲನ್ನೂ ಪೀಠದ ಮೇಲಿಡದೆ ಮಡಿಲಲ್ಲೇ ಇಟ್ಟುಕೊಂಡು ನೆಲಕ್ಕೆ ಕೂತಳು. "ಸೌ ಹಿಂಗೆ ಬಾಯಿ ಮುಚ್ಚಿದ್ದು ನಾನು ಕಂಡಿಲ್ಲ. ಒಂದ್ಸಲ ಗರಿ ಕೊಳ್ಳೋ ಸಾಹುಕಾರ ಹೊಲಿಗೆ ಸಡಿಲ ಅಂದ. ಇವ್ಳು ಒಂದು ತಟ್ಟಿ ಎತ್ತಿ ಅವನ ತಲೆ ಮೇಲೆ ಹೊದಿಸಿ, ಮಳೇಲಿ ನಿಲ್ಲಿಸಿ, ಒಂದು ಹನಿ ಇಳಿದ್ರೆ ಹೇಳೋ ಅಂದ್ಳು. ಅವನು ಅಲ್ಲೇ ನಿಂತಿದ್ದ, ಪಾಪ, ಮಳೆ ನಿಲ್ಲೋ ತನಕ. ಇವ್ಳು ಅವನ ಮುಂದೆ ಕೂತು ವೀಳ್ಯ ಹಾಕ್ಕೊಂಡು ನಗ್ತಿದ್ಳು."

ಅಪ್ಪ ನಕ್ಕ. ಲಿಯೆನ್ ಕೂಡ ನಕ್ಕು, ಕರವಸ್ತ್ರ ಬಾಯಿಗೆ ಒತ್ತಿಕೊಂಡಳು.

ಆ ಕರವಸ್ತ್ರ ಕಂಡದ್ದೇ ಅತ್ತೆಯ ಮುಖ ಬಿಗಿಯಿತು. ಲುವಾ ಅದನ್ನು ನೋಡಿದಳು. ಅತ್ತೆಯ ಮದುವೆಯ ದಿನದ ಕಥೆ ಅವಳಿಗೆ ಗೊತ್ತಿತ್ತು. ಗಂಡಿನ ಕಡೆಯ ಹೆಂಗಸರು ಅಜ್ಜಿಯ ಹಲ್ಲು ನೋಡಿ ಹೀಗೆಯೇ ಕರವಸ್ತ್ರದ ಹಿಂದೆ ನಕ್ಕಿದ್ದರಂತೆ. "ನಿನ್ನತ್ತೆಗೋಸ್ಕರ ಅವತ್ತು ಸಂಜೆವರೆಗೂ ಬಾಯಿ ಮುಚ್ಚಿದ್ದೆ ಕಣೇ. ದವಡೆ ಎಷ್ಟು ನೋಯ್ತು ಅಂದ್ರೆ ಮಾರನೇ ದಿನ ಗಂಜಿ ಕುಡಿಯೋಕೂ ಆಗ್ಲಿಲ್ಲ" ಎಂದು ಅಜ್ಜಿ ಅದನ್ನೂ ನಗುತ್ತಲೇ ಹೇಳಿದ್ದಳು.

"ಸಾಕು ತಾಮಮ್ಮ" ಎಂದಳು ಅತ್ತೆ. "ಜೀವ ಇರೋವರೆಗೂ ಕೆಸರಲ್ಲಿ ಗರಿ ಕಡಿದ್ಲು. ಒಂದು ಒಳ್ಳೆ ಬಟ್ಟೆ ಹಾಕ್ಲಿಲ್ಲ. ಹೋದ್ಮೇಲಾದ್ರೂ ಒಂದು ಮಖಮಲ್ಲು, ಒಂದು ಸರ ಹಾಕ್ಸೋಣ ಅಂದ್ಕೊಂಡೆ. ಅದೂ ತಪ್ಪಾ?"

"ಹಾಕ್ಸು ತಾಯಿ, ಯಾರು ಬೇಡ ಅಂದ್ರು? ಸೌಗೆ ಹಾಕ್ಸು. ನೀನು ಯಾರಿಗೆ ಹಾಕ್ಸಿದೀಯಾ ಅಂತ ನಾನು ಕೇಳ್ತಿರೋದು."

ಅತ್ತೆಗೆ ತಲೆ ಸಿಡಿಯತೊಡಗಿತು. ನೋವಿನೆಣ್ಣೆಗೆಂದು ಕೈಚೀಲ ತೆರೆದು ತಡಕಾಡಿದಳು. ನೀರಿನ ಲೋಟ ತೆಗೆಯಲು ಬಗ್ಗಿದ್ದ ಲುವಾಗೆ ಚೀಲದ ಒಳಜೇಬು ಕಂಡಿತು. ಅಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಫೋಟೋದ ಮೂಲೆ ಇಣುಕುತ್ತಿತ್ತು. ಮೂಲೆಯಲ್ಲಿ ಬಾತುಕೋಳಿಯ ಬಾಲ. ಪ್ಲಾಸ್ಟಿಕ್ಕು ದಿನಾ ತೆಗೆದು ಇಟ್ಟು ಮಾಡಿದ ಹಾಗೆ ಸವೆದು ಮಬ್ಬಾಗಿತ್ತು.

ಲುವಾಗೆ ಮೈಯೆಲ್ಲ ಉರಿಯಿತು. ಕಳೆದುಹೋಗಿದೆ ಎಂದುಕೊಂಡಿದ್ದಳು, ಸ್ಟುಡಿಯೋದವನು ಎಸೆದಿರಬೇಕು ಎಂದುಕೊಂಡಿದ್ದಳು. ನಗುವ ಅಜ್ಜಿಯನ್ನು ತಾನು ಚೀಲದಲ್ಲಿಟ್ಟುಕೊಂಡು, ಮನೆಗೆ ಈ ಮೂಕಿಯನ್ನು ಕೊಟ್ಟಿದ್ದಳಲ್ಲ! ಬಯ್ಯಬೇಕು ಅನ್ನಿಸಿತು. ಆದರೆ ಆ ಸವೆದ ಪ್ಲಾಸ್ಟಿಕ್ಕು ಬಾಯಿ ಕಟ್ಟಿತು. ಪೇಟೆಯ ಅಂಗಡಿಯಲ್ಲಿ, ಪರದೆಗಳ ಹಿಂದೆ, ಅತ್ತೆ ಅದನ್ನು ತೆಗೆದು ನೋಡುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅದು ಸಿಟ್ಟನ್ನು ಇಳಿಸಲಿಲ್ಲ, ಇನ್ನಷ್ಟು ತೊಡಕು ಮಾಡಿತು.

ಅತ್ತೆ ಎಣ್ಣೆ ಹಚ್ಚಿಕೊಂಡು ಚೀಲದ ಜಿಪ್ ಎಳೆದಳು. "ಊತ್, ಬತ್ತಿ ಆಗ್ತಾ ಬಂತು ನೋಡು. ಎಡೆ ಇಳಿಸೋಕೆ ಶುರು ಮಾಡು. ಅತ್ತಿಗೆಗೆ ಹೊತ್ತಾಗತ್ತೆ."

ಅಪ್ಪ ಎದ್ದ. ಒಂದು ಬತ್ತಿ ಆರಿತ್ತು. ಇನ್ನೆರಡರಲ್ಲಿ ಬೆರಳ ಗಿಣ್ಣಿನಷ್ಟು ಉಳಿದಿತ್ತು. ಅಜ್ಜಿ ಈಗ ಎಲ್ಲಿರಬಹುದು ಎಂದು ಲುವಾ ಯೋಚಿಸಿದಳು. ಗುಲಾಬಿ ಗೋಡೆ ನೋಡಿ, ಮುಚ್ಚಿದ ಬಾಯಿ ನೋಡಿ, ತಪ್ಪಾಯ್ತು ಎಂದು ಕೈ ಮುಗಿದು, ನಾಕು ಮನೆ ಆಚೆಗೆ ಹೋಗಿ, ಅಲ್ಲಿ ನಾಯಿಯ ಬಾಯಿಗೆ ಸಿಕ್ಕಿ. ಹಸಿದುಕೊಂಡು. ಬೈದುಕೊಂಡು.

"ಅನ್ನದ ಬಟ್ಟಲು ಹಿಡ್ಕೋ" ಎಂದು ಅಪ್ಪ ಪೀಠದಿಂದ ಮೊದಲ ಬಟ್ಟಲನ್ನು ಇಳಿಸಿ ಲುವಾಳ ಕೈಗಿತ್ತ.

ಲುವಾ ಬಟ್ಟಲನ್ನು ತೆಗೆದುಕೊಂಡಳು. ಮತ್ತೆ ಅದನ್ನು ಇದ್ದ ಜಾಗದಲ್ಲೇ ಇಟ್ಟಳು. ಹಿಂದಕ್ಕೆ ಹೋಗಿದ್ದ ವೀಳ್ಯದ ತಟ್ಟೆಯನ್ನು ಮುಂದಕ್ಕೆ ತಂದಳು. ಎಲ್ಲರೂ ಅವಳನ್ನು ನೋಡುತ್ತಿದ್ದರು. ಆದರೂ ಅವಳು ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಬತ್ತಿ ಇನ್ನೂ ಉರೀತಿದೆ. ನಿಮ್ಮ ಚೀಲದಲ್ಲಿರೋ ಅಜ್ಜೀನ ಇವತ್ತೊಂದಿನ ಇಲ್ಲಿ ಇಡಿ."

ಅಪ್ಪ ಬಾಗಿಲ ಕಡೆ ನೋಡಿದ. ಲಿಯೆನ್ ಕರವಸ್ತ್ರ ಮಡಿಸಿದಳು. ತಾಮ್ ಅಜ್ಜಿ ಮಡಿಲ ಕಡುಬನ್ನು ಹಿಡಿದುಕೊಂಡು ಕಾದಳು. ಅತ್ತೆಯ ಕೈ ಚೀಲದ ಜಿಪ್ಪಿನ ಮೇಲಿತ್ತು.

"ಇಡಿ ಅತ್ತೆ" ಎಂದಳು ಲುವಾ.